ಸೂಜಿ ಒಂದಂಗುಲ ಮೇಲೆ ಬಿದ್ದರೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ತೋಟಗಳಲ್ಲಿ ಅಡಿಕೆಗೆ ಮದ್ದು ಬಿಡುವವರನ್ನು ವಾಚಕರು ಕಂಡಿರಬಹುದು. ಒಂದು ಕೈ ಮರವನ್ನು ತಬ್ಬಿದ್ದರೆ, ಇನ್ನೊಂದು ಬೋರ್ಡೋ ದ್ರಾವಣವನ್ನು ಗೊನೆಯತ್ತ ಚಿಮ್ಮಿಸುತ್ತಿರುತ್ತದೆ. ಅಂಥವನೊಬ್ಬನ ತೋಳು, ಲಸಿಕೆ ಹಾಕಿಸಿಕೊಂಡ ಮರುದಿನದಿಂದ ತಲೆಯ ಮಟ್ಟಕ್ಕೆ ಏಳದೆ ಹೋಯಿತೆಂದು ಭಾವಿಸೋಣ. ಆರು ತಿಂಗಳಾದರೂ ನೋವು ಬಿಡಲಿಲ್ಲ. ಅವನ ನಷ್ಟವನ್ನು ತುಂಬಿಕೊಡುವವರಾರು?

ಲಸಿಕೆಯ ಅನಂತರ ಎರಡು ಮೂರು ದಿನ ತೋಳು ನೋಯುವುದು ಸಹಜ, ಅದು ಬೇರೆ. ನಾವು ಹೇಳುತ್ತಿರುವ ಹಾನಿ ವಿರಳವಾದುದು. ಅದಕ್ಕೆ ಕಾರಣ ಲಸಿಕೆಯ ದೋಷವಲ್ಲ, ಸೂಜಿ ಚುಚ್ಚಿದ ಸ್ಥಾನದ ದೋಷ. ಭುಜದ ತುದಿಯಲ್ಲಿ ಕೈಗೆ ತಾಕುವ ಎಲುಬಿನ ಅಂಚೊಂದಿದೆ. ಅದರಿಂದ ಎರಡು ಮೂರು ಬೆರಳಗಲ ಕೆಳಗೆ ಡೆಲ್ಟಾಯ್ಡ್ ಎಂಬ ತ್ರಿಕೋನಾಕಾರದ ಸ್ನಾಯುವಿನ ದಪ್ಪ ಭಾಗವಿದೆ. ಲಸಿಕೆ ಸೇರಬೇಕಾದುದು ಅಲ್ಲಿಗೆ. ಅಂಚಿಗೆ ಸಮೀಪದಲ್ಲಿ ಚುಚ್ಚಿದರೆ ಸೂಜಿಯ ಮೊನೆ ಸ್ನಾಯುವನ್ನು ದಾಟಿ ಅದರಡಿಯ ದ್ರವಚೀಲವನ್ನು ಹೊಗಬಹುದು. ಸ್ನಾಯುವೂ ಎಲುಬೂ ಒಂದನ್ನೊಂದು ಉಜ್ಜದಂತೆ ಕಾಯುವ ತೆಳುವಾದ ಚೀಲ ಅದು. ಅಮೆರಿಕದ ವೈದ್ಯರಾದ ಬೋಡರ್ ಮತ್ತು ಮೊಂಟಾಲ್ವೊ ಇಂಥ ಇಬ್ಬರು ರೋಗಿಗಳ ವೃತ್ತಾಂತವನ್ನು ವೈದ್ಯಲೋಕದ ಮುಂದಿಟ್ಟರು. ಶಬ್ದಾತೀತ ತರಂಗಗಳಿಂದ ಅಳೆದಾಗ ಚೀಲವು ಚರ್ಮದಿಂದ 0.8ರಿಂದ 1.6 ಸೆಂಟಿಮೀಟರಿನಷ್ಟೇ ಒಳಗಿತ್ತು. ವಯಸ್ಕರಿಗೆ ಬಳಸುವ ಸಾಮಾನ್ಯ ಸೂಜಿಯ ಉದ್ದವೋ 2.5 ಸೆಂಟಿಮೀಟರು! ದೇಹದ ರಕ್ಷಣಾವ್ಯವಸ್ಥೆಯನ್ನು ಕೆರಳಿಸುವುದೇ ಲಸಿಕೆಯ ಕೆಲಸವಷ್ಟೆ. ಆ ಕೆರಳಿಕೆ ಚೀಲದೊಳಗೆ ನಡೆದರೆ ಉರಿಯೂತವೆದ್ದು ಕೀಲು ಬಿಗಿಯುತ್ತದೆ.

ಭೌತಶಾಸ್ತ್ರದ ಅಧ್ಯಾಪಕನಿಗೆ ಕಾನೂನಿನ ಗೊಡವೆಯೇಕೆ ಎಂದು ಕೇಳಬಹುದು. ಅಮೆರಿಕದ ಈ ಕಾನೂನು ನಿಂತಿರುವುದು ಸ್ಥಳ, ಕಾಲಗಳೆಂಬ ನಮ್ಮ ಅಳತೆಗಳ ಮೇಲೆಯೇ. 1986ರ ಶಾಸನದಂತೆ ಅಲ್ಲಿ ಲಸಿಕೆಯ ಪ್ರತಿ ಡೋಸಿನ ಮೇಲೆ, ಅದು ತಡೆಯುವ ಒಂದೊಂದು ರೋಗಕ್ಕೆ 75 ಸೆಂಟಿನಂತೆ ತೆರಿಗೆ ಎತ್ತಿ ಪರಿಹಾರನಿಧಿಯನ್ನು ಕಟ್ಟಿದ್ದಾರೆ. ಹಾನಿಗಳ ಕೋಷ್ಟಕಕ್ಕೆ ಭುಜದ ಹಾನಿಯು 2017ರಲ್ಲಿ ಸೇರಿತು. ನೋವು 48 ಗಂಟೆಗಳೊಳಗೆ ತೊಡಗಿರಬೇಕು; ಚುಚ್ಚಿದ ಭುಜಕ್ಕೇ ಸೀಮಿತವಾಗಿರಬೇಕು; ಆ ಭುಜಕ್ಕೆ ಹಿಂದೆ ಬೇನೆಯಿರಬಾರದು. ತಪ್ಪು ಯಾರದೆಂದು ಕೇಳುವುದಿಲ್ಲ. ಚುಚ್ಚಿದವರ ತಪ್ಪಿಗೆ ಲಸಿಕೆಯ ನಿಧಿಯೇಕೆ ಹಣ ತೆರಬೇಕೆಂದು ಸರ್ಕಾರವು 2021ರ ಜನವರಿಯಲ್ಲಿ ಇದನ್ನು ಕೋಷ್ಟಕದಿಂದ ತೆಗೆಯಹೊರಟು, ಏಪ್ರಿಲಿನಲ್ಲಿ ಆ ನಿಯಮವನ್ನೇ ಹಿಂತೆಗೆದುಕೊಂಡಿತು. ತರ್ಕದಲ್ಲಿ ಹುರುಳಿಲ್ಲದಿಲ್ಲ. ಆದರೆ ನೋಯುವ ಭುಜಕ್ಕೆ ಈ ಭೇದದಿಂದ ಏನಾಗಬೇಕು?

ಅಂಥ ಕೋಷ್ಟಕವಿಲ್ಲದ ನಮ್ಮಲ್ಲಿ, ನ್ಯಾಯಾಲಯಕ್ಕೆ ಹೋದವನು ಚುಚ್ಚಿದವರ ನಿರ್ಲಕ್ಷ್ಯವನ್ನು ಸಿದ್ಧಪಡಿಸಬೇಕಾಗುತ್ತದೆ. ಹಣ ತೆತ್ತು ಲಸಿಕೆ ಹಾಕಿಸಿಕೊಂಡವನಿಗೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗವುಂಟು. ಎರಡು ವರ್ಷಗಳೊಳಗೆ ದೂರಬೇಕು. ಎಲ್ಲರಿಗೂ ಉಚಿತವಾಗಿ ಸೇವೆ ನೀಡುವ ಆಸ್ಪತ್ರೆಯಲ್ಲಿ ಹಾಕಿಸಿಕೊಂಡವನಿಗೆ ಆ ಬಾಗಿಲು ಮುಚ್ಚಿದೆ. ಅಂಥ ಸೇವೆ ಗ್ರಾಹಕ ಕಾಯಿದೆಯ ಹೊರಗಿನದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ, ವಿ. ಪಿ. ಶಾಂತಾ ಪ್ರಕರಣದಲ್ಲಿ ತೀರ್ಮಾನಿಸಿತು. ಬಡವನು ಸಿವಿಲ್ ನ್ಯಾಯಾಲಯದ ದೀರ್ಘಮಾರ್ಗವನ್ನೇ ಹಿಡಿಯಬೇಕು.

ಅಲ್ಲಿ ಬೇಕಾಗುವುದು ಪುರಾವೆ. ಚುಚ್ಚಿದ ಗುರುತೋ ಕೆಲವೇ ದಿನಗಳಲ್ಲಿ ಮಾಸುತ್ತದೆ. ನೋವು ತೊಡಗಿದ ದಿನವೇ ಆರೋಗ್ಯ ಕೇಂದ್ರದಲ್ಲಿ ಅದನ್ನು ಬರೆಯಿಸಿ, ಗುರುತು ಭುಜದ ಅಂಚಿನಿಂದ ಎಷ್ಟು ಕೆಳಗಿದೆಯೆಂದು ಅಳತೆಪಟ್ಟಿಯೊಡನೆ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು ಯಾರಿಗೂ ಸಾಧ್ಯವಾದ ಕೆಲಸ.