ದೀಪವಿಲ್ಲದ ಊರುಗಳು

ಕಂದಾಯ ಇಲಾಖೆಯ ಹಳೆಯ ದಫ್ತರಗಳಲ್ಲಿ ಕೆಲವು ಗ್ರಾಮಗಳ ಹೆಸರಿನೊಡನೆ ‘ಬೇಚಿರಾಖ್’ ಎಂಬ ಶಬ್ದವು ಕಾಣಸಿಗುತ್ತದೆ. ಇದು ಪಾರಸಿ ಭಾಷೆಯಿಂದ ಬಂದದ್ದು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಮುಸ್ಸಂಜೆಯಲ್ಲಿ ದೀಪ ಹಚ್ಚಲು ಒಬ್ಬರೂ ಉಳಿಯದ ಊರೆಂಬುದು ಇದರ ಅರ್ಥ. ಅಂಥ ಊರಿಗೆ ಎಲ್ಲೆಯುಂಟು, ನಕಾಶೆಯುಂಟು, ಸರ್ವೆ ನಂಬರುಗಳುಂಟು. ಜನರು ಮಾತ್ರ ಇಲ್ಲ. 2011ರ ಜನಗಣತಿಯಂತೆ ಕರ್ನಾಟಕದ 29,340 ಗ್ರಾಮಗಳ ಪೈಕಿ ಸುಮಾರು 1,900 ಗ್ರಾಮಗಳಲ್ಲಿ ಜನವಸತಿಯೇ ಇರಲಿಲ್ಲ.

ನನ್ನ ಪಿತೃಗಳ ಊರೂ ಇಂಥದ್ದೇ. ಬಾಲ್ಯದಲ್ಲಿ ಶ್ರಾವಣ ಮಾಸದ ಒಂದು ಸೋಮವಾರ ನಮ್ಮ ತಂದೆಯವರು ನಮ್ಮೆಲ್ಲರನ್ನೂ ಬಂಡಿಯಲ್ಲಿ ಕೂಡಿಸಿಕೊಂಡು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಜಾಲಿಯ ಮೆಳೆಗಳ ನಡುವೆ ಮಾಡು ಕುಸಿದ ಒಂದು ಈಶ್ವರನ ಗುಡಿ. ಅದರ ಮುಂದೆ ಅರ್ಧ ಹೂತ ಒಂದು ಶಾಸನದ ಕಲ್ಲು. ಮಠದಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಒಮ್ಮೆ ಅದರ ಮೇಲಿನ ನಾಲ್ಕು ಸಾಲುಗಳನ್ನು ಓದಿದೆ. ಉಳಿದುದನ್ನು ಮಣ್ಣು ಬಿಡಿಸಿ ಮುಂದಿನ ವರ್ಷ ಪ್ರತಿ ಮಾಡಿಕೊಂಡರಾಯಿತೆಂದು ಬಿಟ್ಟುಬಂದೆ. ಆ ಮುಂದಿನ ವರ್ಷವು ಹನ್ನೆರಡು ವರ್ಷಗಳ ಮೇಲೆ ಬಂದಿತು. ಹೋಗಿ ನೋಡಿದರೆ ನಿಧಿಗಳ್ಳರು ಗರ್ಭಗುಡಿಯನ್ನು ಅಗೆದುಹಾಕಿದ್ದರು, ಕಲ್ಲು ಇರಲಿಲ್ಲ. ಯಾವ ಕಾಲುವೆಯ ಚಪ್ಪಡಿಯಾಯಿತೋ ತಿಳಿಯದು. ನಮ್ಮ ಊರನ್ನು ಕಟ್ಟಿದವರಾರು, ಕೆರೆಗೆ ಭೂಮಿ ಬಿಟ್ಟವರಾರು ಎಂಬುದು ಅದರೊಡನೆ ಹೋಯಿತು. ಕಳ್ಳರನ್ನು ನಿಂದಿಸುವಾಗಲೆಲ್ಲ ನನ್ನ ಆಲಸ್ಯವೂ ನೆನಪಾಗುತ್ತದೆ.

ಹಾಳೂರುಗಳೆಂದರೆ ದೆವ್ವಗಳ ವಾಸವೆಂದು ಜನರು ಹೆದರುವುದುಂಟು. ಆದರೆ ಅಲ್ಲಿ ಕಾಣುವುದೆಲ್ಲ ನಮ್ಮಂಥವರದೇ ಸಂಸಾರದ ಕುರುಹು. ಸುತ್ತಲ ನೆಲಕ್ಕಿಂತ ಎತ್ತರವಾದ ಬೂದುಬಣ್ಣದ ಮಣ್ಣಿನ ದಿಬ್ಬ, ಮಡಕೆಯ ಚೂರುಗಳು, ಒಡೆದ ಒರಳು, ಧಾನ್ಯ ತುಂಬುತ್ತಿದ್ದ ಹಗೇವು, ಹೂತುಹೋದ ಬಾವಿ, ಊರಬಾಗಿಲಿನಲ್ಲಿದ್ದ ವೀರಗಲ್ಲು, ಮಾಸ್ತಿಗಲ್ಲು. ಒರಳಿನ ಕುಳಿಯು ಆಳವಾಗಿ ಸವೆದಿದ್ದರೆ ಆ ಮನೆಯಲ್ಲಿ ಎಷ್ಟು ತಲೆಮಾರಿನ ತಾಯಂದಿರು ರುಬ್ಬಿದ್ದರೆಂಬುದನ್ನು ಊಹಿಸಬಹುದು.

ಊರುಗಳು ಹಾಳಾಗಲು ಕಾರಣಗಳು ಹಲವು. ಧಾತು, ಈಶ್ವರ ಸಂವತ್ಸರಗಳ ಬರವು 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟಿತು. 1871ರಲ್ಲಿ 50 ಲಕ್ಷಕ್ಕೂ ಮಿಕ್ಕಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1898ರಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಆ ಮಾರಿಗೆ ಅಂಜಿ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಎಲ್ಲರೂ ಹಿಂದಿರುಗಲಿಲ್ಲ. ದಂಡಿನ ದಾಳಿ, ಕೆರೆಯೊಡೆತ, ನೀರಿನ ಅಭಾವಗಳೂ ಕಾರಣಗಳೇ. ನಮ್ಮ ಕಾಲದಲ್ಲಿ ಅಣೆಕಟ್ಟುಗಳು ಸೇರಿದವು. ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಎಷ್ಟೋ ಮನೆತನಗಳು ತಮ್ಮ ಓಣಿಗಳನ್ನು ತೊರೆದು ನವನಗರಕ್ಕೆ ನಡೆದವು.

ದೊಡ್ಡ ಪಟ್ಟಣಗಳಿಗೂ ಈ ಗತಿ ತಪ್ಪಿಲ್ಲ. ಗಂಗರ ರಾಜಧಾನಿಯಾಗಿದ್ದ ತಲಕಾಡಿನ ಬಹುಭಾಗವು ಕಾವೇರಿಯ ಮರಳಿನಡಿ ಮುಚ್ಚಿಹೋಯಿತು. ಜನರು ಅದನ್ನು ಅಲಮೇಲಮ್ಮನ ಶಾಪವೆನ್ನುತ್ತಾರೆ. ವಿದ್ವಾಂಸರು ನದಿಯ ತಿರುವನ್ನೂ ಗಾಳಿಯನ್ನೂ ಮಾಧವಮಂತ್ರಿಯ ಅಣೆಕಟ್ಟನ್ನೂ ಕಾರಣವಾಗಿ ತೋರಿಸುತ್ತಾರೆ. ಅಲ್ಲಮಪ್ರಭುದೇವರ ಸ್ಮರಣೆಯೊಡನೆ ಬೆಸೆದ ಬಳ್ಳಿಗಾವೆಯು ಒಮ್ಮೆ ಬನವಾಸಿ ಹನ್ನೆರಡು ಸಾಸಿರದ ರಾಜಧಾನಿ. ಅಲ್ಲಿಯ ಕೋಡಿಯಮಠವು ಕಾಳಾಮುಖರದು. ವೇದ, ವ್ಯಾಕರಣಗಳ ಅಧ್ಯಯನವೂ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿ ನಡೆಯುತ್ತಿದ್ದುವೆಂದು 1162ರ ಶಾಸನವು ಹೇಳುತ್ತದೆ. ಇಂದು ಶಿಕಾರಿಪುರ ತಾಲ್ಲೂಕಿನಲ್ಲಿ ಅದೊಂದು ಹಳ್ಳಿ. ಕೇದಾರೇಶ್ವರನ ಗುಡಿ ನಿಂತಿದೆ. ವಿದ್ಯಾರ್ಥಿಗಳು ನಡೆದಾಡಿದ ಕೇರಿಗಳಿಲ್ಲ. ಆ ಕಲ್ಲೊಂದು ಉಳಿಯದಿದ್ದರೆ ಆ ಔಷಧಶಾಲೆಯ ಸುದ್ದಿಯೂ ನಮಗೆ ಮುಟ್ಟುತ್ತಿರಲಿಲ್ಲ.

ನಾನೀಗ ವಾಸಿಸುವುದು ಬೆಂಗಳೂರು ದಕ್ಷಿಣ ಭಾಗದ ಬಿಳೇಕಹಳ್ಳಿಯಲ್ಲಿ. ಇದು ಬೇಚಿರಾಖ್ ಅಲ್ಲ. ಇಲ್ಲಿ ಇರುಳಿಡೀ ದೀಪಗಳು ಆರುವುದಿಲ್ಲ. ಆದರೆ ಬೇಗೂರು ಹೋಬಳಿಯ ಹಳೆಯ ಹಳ್ಳಿ ಎಲ್ಲಿತ್ತೆಂದು ಬನ್ನೇರುಘಟ್ಟ ರಸ್ತೆಯಲ್ಲಿ ಕೇಳಿದರೆ ಹೇಳಬಲ್ಲವರು ವಿರಳ. ಅಲ್ಲಿ ಜನರಿಲ್ಲದೆ ಊರು ಮರೆತುಹೋಯಿತು; ಇಲ್ಲಿ ಜನರು ಹೆಚ್ಚಿ ಮರೆತುಹೋಗುತ್ತಿದೆ. ಸಮೀಪದ ಬೇಗೂರಿನಲ್ಲಿ ದೊರೆತ ಕ್ರಿ.ಶ. 890ರ ಸುಮಾರಿನ ವೀರಗಲ್ಲೊಂದು ‘ಬೆಂಗುಳೂರು’ ಕಾಳಗವನ್ನು ಹೆಸರಿಸದಿದ್ದರೆ ಈ ಮಹಾನಗರದ ಹೆಸರಿನ ಪ್ರಾಚೀನತೆಯೇ ತಿಳಿಯುತ್ತಿರಲಿಲ್ಲ. ಬಿ.ಎಲ್. ರೈಸ್ ಅವರು 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದ್ದರಿಂದ, ಆಮೇಲೆ ಕಣ್ಮರೆಯಾದ ಕಲ್ಲುಗಳ ಮಾತಾದರೂ ಉಳಿಯಿತು.

ಕಳೆದ ವರ್ಷ ಮೊಮ್ಮಗನು, “ಅಜ್ಜ, ನಮ್ಮ ಊರು ಯಾವುದು?” ಎಂದು ಕೇಳಿದನು. ಬಿಳೇಕಹಳ್ಳಿ ಎನ್ನಲು ಬಾಯಿ ಬರಲಿಲ್ಲ. ಅವನನ್ನು ಕರೆದುಕೊಂಡು ಆ ದಿಬ್ಬಕ್ಕೆ ಹೋದೆ. ಬಿದ್ದ ಗುಡಿಯ ಮುಂದೆ ಹಣತೆಯೊಂದನ್ನು ಹಚ್ಚಿಸಿ, ನನಗೆ ನೆನಪಿದ್ದ ನಾಲ್ಕು ಸಾಲುಗಳನ್ನು ಅವನಿಂದ ಬರೆಯಿಸಿದೆ. ನನ್ನಲ್ಲಿ ಉಳಿದದ್ದು ಅಷ್ಟೇ.

ಶರಣಬಂಧುಗಳಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಎಷ್ಟೋ ಮನೆತನಗಳ ಅಡ್ಡಹೆಸರೇ ಒಂದು ಊರಿನ ಹೆಸರು. ಆ ಊರು ಈಗ ಇದೆಯೇ ಎಂದು ಮನೆಯ ಹಿರಿಯರನ್ನು ಕೇಳಿರಿ. ಅಟ್ಟದ ಮೇಲೆ ತಾಡವೋಲೆಯ ಕಟ್ಟೇನಾದರೂ ಇದ್ದರೆ ಗೆದ್ದಲಿಗೆ ಬಿಡಬೇಡಿರಿ. ಡಾ. ಫ.ಗು. ಹಳಕಟ್ಟಿಯವರು ಇಂಥ ಕಟ್ಟುಗಳನ್ನು ಅರಸಿ ಮನೆಮನೆಗೆ ಅಲೆದುದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ವು ಬೆಳಕು ಕಂಡಿತು. ಹಾಳೂರಿನಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಅದನ್ನು ಕದಲಿಸದೆ, ಸುಣ್ಣ ಬಳಿಯದೆ, ಭಾವಚಿತ್ರ ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಮುಂದಿನ ವರ್ಷ ನೋಡೋಣವೆನ್ನಬೇಡಿರಿ.