ಬಾಲಚುಕ್ಕಿ ಹುಡುಕಿದ ಕೆಲಸಗಾರ

1965ರ ಅಕ್ಟೋಬರ್ ಕೊನೆ. ನಾನಾಗ ಹೈಸ್ಕೂಲು ಹುಡುಗ. ಬೆಳಗಿನ ಜಾವ ಅಪ್ಪ ಎಬ್ಬಿಸಿ ಅಂಗಳಕ್ಕೆ ಕರೆದೊಯ್ದರು. ಪೂರ್ವದಲ್ಲಿ ತೆಂಗಿನ ಮರಗಳ ಮೇಲೆ ಬಿಳಿ ಪೊರಕೆಯಂಥ ಉದ್ದನೆಯ ಬಾಲ! ಧೂಮಕೇತು ಕಂಡರೆ ಕೇಡು ಎಂದು ಅಜ್ಜಿ ಹೊರಗೆ ಬರಲೇ ಇಲ್ಲ. ಅದರ ಹೆಸರು ‘ಇಕೆಯಾ–ಸೆಕಿ’ ಎಂದರು ಮೇಷ್ಟ್ರು. ಅದು ಇಬ್ಬರು ಮನುಷ್ಯರ ಹೆಸರೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಮಕ್ಕಳೇ, ಧೂಮಕೇತುವಿಗೆ ಅದನ್ನು ಮೊದಲು ಕಂಡವರ ಹೆಸರಿಡುವುದು ರೂಢಿ. ಕಾವೊರು ಇಕೆಯಾ ದೊಡ್ಡ ವಿಜ್ಞಾನಿಯಲ್ಲ. ಜಪಾನಿನ ಪಿಯಾನೋ ಕಾರ್ಖಾನೆಯ ಕೆಲಸಗಾರ. ಗಾಜನ್ನು ಕೈಯಲ್ಲೇ ಉಜ್ಜಿ ಕನ್ನಡಿ ಮಾಡಿ, ದೂರದರ್ಶಕವನ್ನು ತಾವೇ ಕಟ್ಟಿಕೊಂಡರು. 1963ರಲ್ಲಿ, 19ನೇ ವಯಸ್ಸಿಗೆ, ಮೊದಲ ಧೂಮಕೇತು ಸಿಕ್ಕಿತು. 1965ರ ಸೆಪ್ಟೆಂಬರಿನಲ್ಲಿ ಮತ್ತೊಂದು. ಸುಮಾರು ಕಾಲು ಗಂಟೆಯ ಅಂತರದಲ್ಲಿ ಬೇರೊಂದು ಊರಿನಿಂದ ಅದನ್ನೇ ಕಂಡವರು ಗಿಟಾರ್ ಮೇಷ್ಟ್ರು ತ್ಸುತೊಮು ಸೆಕಿ. ಅಕ್ಟೋಬರ್ 21ರಂದು ಸೂರ್ಯನ ತೀರ ಹತ್ತಿರ ಹಾದಾಗ ಅದು ಹಗಲಲ್ಲೇ ಕಾಣುವಷ್ಟು ಹೊಳೆಯಿತು.

ಇದು ಬರೀ ಅದೃಷ್ಟವೇ? ಜೀವಮಾನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡಿದ ನನಗೆ ಹಾಗನ್ನಿಸುವುದಿಲ್ಲ. ಧೂಮಕೇತುವಿನ ಮಂಜು ಸೂರ್ಯನ ಬಿಸಿಗೆ ಆವಿಯಾದಾಗಲೇ ಅದು ಬೆಳಗುವುದು. ಆದ್ದರಿಂದ ನಸುಕಿನಲ್ಲಿ ಪೂರ್ವವನ್ನು, ಮುಸ್ಸಂಜೆಯಲ್ಲಿ ಪಶ್ಚಿಮವನ್ನು ಸಾಲು ಸಾಲಾಗಿ ಜಾಲಾಡಬೇಕು. ಮಸುಕು ಚುಕ್ಕೆ ಕಂಡರೆ ನಕ್ಷೆಯೊಡನೆ ತಾಳೆ ನೋಡಬೇಕು. ನಕ್ಷೆಯಲ್ಲಿಲ್ಲದ ಚುಕ್ಕೆ ಜಾಗವನ್ನೂ ಬದಲಿಸುತ್ತಿದ್ದರೆ ಅದು ಧೂಮಕೇತುವೇ ಇರಬಹುದು. ಬಹುತೇಕ ರಾತ್ರಿಗಳಲ್ಲಿ ಏನೂ ಸಿಗುವುದಿಲ್ಲ.

2002ರಲ್ಲಿ, 58ನೇ ವಯಸ್ಸಿನಲ್ಲಿ, ಇಕೆಯಾ ಮತ್ತೊಂದು ಧೂಮಕೇತು ಹಿಡಿದರು. ಚೀನಾದ ಹವ್ಯಾಸಿಯೊಬ್ಬರಿಗೂ ಅದು ಕಂಡಿದ್ದರಿಂದ ‘ಇಕೆಯಾ–ಝಾಂಗ್’ ಎಂದಾಯಿತು. ಲೆಕ್ಕ ಹಾಕಿದರೆ ಅದು 1661ರಲ್ಲಿ ಬಂದಿದ್ದ ಹಳೆಯ ಅತಿಥಿ! ಅಂದು ಯುರೋಪಿನಲ್ಲಿ ಹೆವೆಲಿಯಸ್ ಅದನ್ನು ನೋಡಿ ಬರೆದಿಟ್ಟಿದ್ದರು. ಬರೆದಿಡದಿದ್ದರೆ 341 ವರ್ಷಗಳ ಮೇಲೆ ಗುರುತು ಸಿಗುತ್ತಿತ್ತೇ?

ನೀವು ಚಂದ್ರನಿಂದಲೇ ಶುರುಮಾಡಿ. ಅರ್ಧಚಂದ್ರನ ದಿನ ಕುಳಿಗಳ ನೆರಳು ಚೆನ್ನಾಗಿ ಕಾಣುತ್ತದೆ. ಒಳ್ಳೆಯ ಬೈನಾಕ್ಯುಲರ್ ಅಲುಗಾಡದಂತೆ ಹಿಡಿದರೆ ಗುರುವಿನ ನಾಲ್ಕು ಚಂದ್ರರೂ ಕಂಡಾವು. ಸೂರ್ಯನತ್ತ ಮಾತ್ರ ಎಂದಿಗೂ ತಿರುಗಿಸಬೇಡಿ. ಕಂಡದ್ದನ್ನು ತಾರೀಖು, ಗಂಟೆ ಸಮೇತ ಬರೆದಿಡಿ.

ನನ್ನ ಅಜ್ಜಿ ಅಂದು ಹೊರಗೆ ಬರಲಿಲ್ಲ. ಅಜ್ಜ-ಅಜ್ಜಿಯರೇ, ನಾವು ಆ ತಪ್ಪು ಮಾಡುವುದು ಬೇಡ. ಪೊರೆಯ ಆಪರೇಷನ್ ಆದ ಮೇಲೂ ನನ್ನ ಕಣ್ಣು ಅಷ್ಟಕ್ಕಷ್ಟೆ. ಮಹಡಿಯ ಮೇಲೆ ಮೊಮ್ಮಗಳು ನೋಡಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ.