ಮಸುಕಾದ ಪರದೆ ಕೆಟ್ಟ ಪರದೆಯಲ್ಲ

ಹೋಟೆಲಿನ ಗಲ್ಲಾದಲ್ಲಾಗಲಿ ಕಚೇರಿಯ ಮೇಜಿನಲ್ಲಾಗಲಿ ಲಿನಕ್ಸ್ ಗಣಕಯಂತ್ರದೆದುರು ದುಡಿಯುವ ನಮ್ಮ ಬಾಂಧವರಿಂದ ಒಂದು ದೂರು ಕೇಳಿಬರುವುದುಂಟು: ಪರದೆಯ ಅಕ್ಷರಗಳು ಹಿಗ್ಗಿ ಮಸುಕಾಗಿವೆ, ಇಂಗ್ಲಿಷನ್ನು ಹೇಗೋ ಓದಬಹುದು, ಕನ್ನಡದ ಒತ್ತಕ್ಷರಗಳು ಮಾತ್ರ ಒಂದರೊಳಗೊಂದು ಕಲಸಿಹೋಗುತ್ತವೆ. ಕಣ್ಣು ಕೆಟ್ಟಿತೆಂದು ಕನ್ನಡಕ ಬದಲಿಸುವವರೂ, ಪರದೆ ಕೆಟ್ಟಿತೆಂದು ಸಂಬಳದ ದೊಡ್ಡ ಪಾಲನ್ನು ಅಂಗಡಿಗೆ ಸುರಿಯುವವರೂ ಇದ್ದಾರೆ. ಅನೇಕ ವೇಳೆ ಕೆಟ್ಟಿರುವುದು ಇವೆರಡೂ ಅಲ್ಲ; ಯಂತ್ರಕ್ಕೂ ಪರದೆಗೂ ನಡುವಣ ಪರಿಚಯ. ಅಂಗಡಿಯವನು ಇದನ್ನು ಹೇಳನು. ಹೇಳಿದರೆ ಅವನಿಗೇನು ಲಾಭ!

ಇಂದಿನ ಚಪ್ಪಟೆ ಪರದೆಗೆ ಹುಟ್ಟಿನಿಂದಲೇ ಬಂದ ಒಂದು ಅಳತೆಯಿದೆ. ಅಡ್ಡಕ್ಕೆ 1920, ಮೇಲಿಂದ ಕೆಳಕ್ಕೆ 1080 ಚುಕ್ಕೆಗಳೆಂಬುದು ಸಾಮಾನ್ಯ. ಇದನ್ನು ಪರದೆಯು ತಾನೇ ತಂತಿಯ ಮೂಲಕ ಯಂತ್ರಕ್ಕೆ ತಿಳಿಸುವುದು. 1994ರಲ್ಲಿ ಬಂದ ಈ ಪದ್ಧತಿಗೆ ಇ.ಡಿ.ಐ.ಡಿ. ಎಂದು ಹೆಸರು; 128 ಬೈಟುಗಳ ಪುಟ್ಟ ಜಾತಕವೆನ್ನಬಹುದು. ಲಿನಕ್ಸಿನ ಆರಂಭದ ದಿನಗಳಲ್ಲಿ ಬಳಸುವವನೇ ಪರದೆಯ ಕಂಪನಸಂಖ್ಯೆಗಳನ್ನು ಕಡತದಲ್ಲಿ ಬರೆಯಬೇಕಾಗಿತ್ತು; ತಪ್ಪಿದರೆ ಗಾಜಿನ ಕೊಳವೆಯ ಪರದೆ ಹಾಳಾದೀತೆಂಬ ಎಚ್ಚರಿಕೆ ಕೈಪಿಡಿಗಳಲ್ಲಿತ್ತು.

ಗಲ್ಲಾದ ಪರದೆಯನ್ನೇ ಅಡುಗೆಮನೆಯಲ್ಲಿಯೂ ತೋರಿಸಲೆಂದು ಅಗ್ಗದ ಕವಲುತಂತಿ ಹಾಕಿದಲ್ಲಿ, ಅಥವಾ ಹಳೆಯ ವಿಜಿಎ ತಂತಿಯ ಸೂಜಿಯೊಂದು ಮುರಿದಲ್ಲಿ, ಈ ಜಾತಕವು ಯಂತ್ರವನ್ನು ತಲುಪದೆ ಹೋಗಬಹುದು. ಆಗ ಯಂತ್ರವು ಊಹೆಯಿಂದ 1024ಕ್ಕೆ 768ರಂತಹ ಅಳತೆಯನ್ನು ಹಿಡಿಯುವುದು. ಪರದೆಯು ಅದನ್ನೆಳೆದು ತನ್ನ ಮೈತುಂಬ ಹರಡಿಕೊಳ್ಳುವುದು. ಮಸುಕು ಹುಟ್ಟುವುದು ಇಲ್ಲಿ.

ಆದುದರಿಂದ ಮೊದಲು ತಂತಿಯನ್ನು ಬದಲಿಸಿ ನೋಡತಕ್ಕದ್ದು. ಬಳಿಕ ಸೆಟ್ಟಿಂಗ್ಸ್ ಒಳಗಿನ ಡಿಸ್‌ಪ್ಲೇಸ್ ಪುಟದಲ್ಲಿ ಪರದೆಯ ನಿಜವಾದ ಅಳತೆಯನ್ನು ಆರಿಸಬೇಕು. ಪರದೆ ಕತ್ತಲಾದರೆ ಗಾಬರಿ ಬೇಡ. ಗ್ನೋಮ್ ಮೊದಲಾದ ಆವರಣಗಳಲ್ಲಿ, ನಾವು ಒಪ್ಪಿಗೆ ಕೊಡದಿದ್ದರೆ ಕೆಲವು ಸೆಕೆಂಡುಗಳಲ್ಲಿ ಹಳೆಯ ಸ್ಥಿತಿ ತಾನಾಗಿ ಮರಳುವುದು. ಅಕ್ಷರ ಸಣ್ಣದೆನಿಸಿದರೆ ಅಳತೆಯನ್ನು ಇಳಿಸಲೇ ಬಾರದು. ದೊಡ್ಡ ಅಕ್ಷರದ ಆಸೆಯಿಂದ ಹೀಗೆ ಇಳಿಸಿ, ತಾವಾಗಿಯೇ ಮಸುಕನ್ನು ತಂದುಕೊಳ್ಳುವವರು ಬಹಳ ಮಂದಿ. ಅದೇ ಪುಟದ ಸ್ಕೇಲ್ ಎಂಬುದನ್ನು 125 ಅಥವಾ 200 ಪ್ರತಿಶತಕ್ಕೆ ಏರಿಸಿದರೆ ಅಕ್ಷರ ದೊಡ್ಡದಾಗಿಯೂ ಸ್ಫುಟವಾಗಿಯೂ ಕಾಣುವುದು.

ಬೇಕಾದ ಅಳತೆಯು ಪಟ್ಟಿಯಲ್ಲಿಯೇ ಇಲ್ಲವೆನ್ನಿ. 1984ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಹುಟ್ಟಿದ ಎಕ್ಸ್ ವಿಂಡೋ ವ್ಯವಸ್ಥೆ ಇರುವ ಯಂತ್ರದಲ್ಲಿ, ಟರ್ಮಿನಲ್ ತೆರೆದು ಎಕ್ಸ್, ಆರ್, ಎ, ಎನ್, ಡಿ, ಆರ್ ಎಂಬ ಆರು ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಅಳತೆಗಳ ಪಟ್ಟಿ ಬರುವುದು. ನಕ್ಷತ್ರವಿರುವುದು ಈಗ ನಡೆಯುತ್ತಿರುವ ಅಳತೆ. ಕೂಡುವ ಚಿಹ್ನೆಯಿರುವುದು ಪರದೆಯು ಬಯಸುವ ಅಳತೆ. ಇದೇ ಆಜ್ಞೆಯಿಂದ ಹೊಸ ಅಳತೆಯನ್ನು ಸೇರಿಸಲೂಬಹುದು, ಆದರೆ ಲಾಗ್‌ಔಟ್ ಮಾಡಿದೊಡನೆ ಅದು ಅಳಿಸಿಹೋಗುವುದರಿಂದ ಲಾಗಿನ್ ಆಗುವಾಗ ನಡೆಯುವ ಕಡತದಲ್ಲಿ ಬರೆದಿಡಬೇಕು. ಹೊಸ ಲಿನಕ್ಸ್‌ಗಳಲ್ಲಿ ಎಕ್ಸ್‌ನ ಸ್ಥಾನಕ್ಕೆ ಬಂದಿರುವ ವೇಲ್ಯಾಂಡ್‌ನಲ್ಲಿ ಈ ಆಜ್ಞೆಯಿಂದ ಅಳತೆ ಬದಲಾಗದು. ಅಲ್ಲಿ ಡಿಸ್‌ಪ್ಲೇಸ್ ಪುಟವೇ ದಾರಿ.